ನಡತೆಯ ಕಾಲಂ

“ಬಾಲಾಪರಾಧಿ ಅಂತ ಬರೀರಿ ಕಸ್ತೂರಿಬಾಯಿ. ಕೆಂಪು ಶಾಯಿಲೇ ಬರೀರಿ.”

ಹೆಡ್‌ಮಾಸ್ತರ ಯಲಗೂರಪ್ಪ ಆ ಪದವನ್ನು ಬಾಯಲ್ಲಿ ಪೇಢೆ ಇಟ್ಟುಕೊಂಡವರ ಹಾಗೆ ಚಪ್ಪರಿಸಿ ಹೇಳಿದರು. ಎದುರಿಗೆ ಕನಮಡಿಯಲ್ಲಿ ಕುರಿ ಕಾಯುವ ಹುಲಿಗೆವ್ವ ನಿಂತಿದ್ದಳು. ಅವಳ ಮಗ ಶಿವಲಿಂಗ ಗೇಟಿನ ಹೊರಗಿದ್ದ. ಬೋರ್‌ವೆಲ್ಲಿನ ಕೇಬಲ್ ಕದ್ದು ಸಿಕ್ಕಿಬಿದ್ದವನನ್ನು ಬಾಲನ್ಯಾಯ ಮಂಡಳಿಯವರು ಬುದ್ಧಿ ಹೇಳಿ ಬಿಟ್ಟಿದ್ದರೂ ಶಾಲೆಯೊಳಗೆ ಬಿಡಬಾರದೆಂದು ಯಲಗೂರಪ್ಪನವರ ಅಪ್ಪಣೆಯಾಗಿತ್ತು. ವಿಜಯಪುರದ ಐಟಿಐಗೆ ಸೇರಲು ಅವತ್ತೇ ಕಡೆಯ ದಿನ. ಟಿ.ಸಿ. ಸಿಕ್ಕರೆ ತಿಕೋಟಾದಿಂದ ಮಧ್ಯಾಹ್ನದ ಬಸ್ಸಿಗೆ ಹೋಗಬಹುದು. ಅದರಲ್ಲಿ ಆ ಪದವಿದ್ದರೆ ಹೋಗಿಯೂ ಉಪಯೋಗವಿಲ್ಲ.

ಗುಮಾಸ್ತೆ ಕಸ್ತೂರಿಗೆ ಮೈ ಉರಿಯಿತು. ಇಲ್ಲಿ ಟಿ.ಸಿ. ಬರೆಯುವ ಪದ್ಧತಿ ಅವಳಿಗೆ ಗೊತ್ತಿಲ್ಲದ್ದೇ? ಪರೀಕ್ಷೆ ಮುಗಿದೊಡನೆ ಐವತ್ತು ಹಾಳೆ ಮುಂದಿಟ್ಟುಕೊಂಡು ನಡತೆಯ ಕಾಲಮಿನಲ್ಲಿ ಸಾಲಾಗಿ ‘ಉತ್ತಮ’ ಎಂದು ಬರೆದಿಡುವುದು, ಹೆಸರು ಆಮೇಲೆ ತುಂಬುವುದು. ಶಿಕ್ಷಕರಿಗೇ ಕಲ್ಲೆಸೆದ ಪಂಚಾಯಿತಿ ಸದಸ್ಯನ ಮಗನೂ ಹೀಗೇ ಉತ್ತಮನಾಗಿ ಹೊರಬಿದ್ದಿದ್ದ. ಅವತ್ತು ಈ ಮಹಾಶಯರು ಅವನಪ್ಪನಿಗೆ ಚಹಾ ಬೇರೆ ತರಿಸಿಕೊಟ್ಟಿದ್ದರು.

“ಹಂಗ ಬರಿಯಾಕ ಬರೂದಿಲ್ರಿ ಸರ್. ಕಾನೂನಿನೊಳಗ ಆ ಶಬ್ದಾನ ತಗದಾರ. ಕಾನೂನಿನ ಜೋಡಿ ಸಂಘರ್ಷಕ್ಕ ಬಂದ ಮಗು ಅನ್ನಬೇಕಂತ. ಅದನ್ನೂ ಟಿ.ಸಿ.ಯೊಳಗ ಹಾಕೂವಂಗಿಲ್ಲ.”

“ಮಗು!” ಯಲಗೂರಪ್ಪ ನಕ್ಕರು. “ಮೀಸಿ ಬಂದಾವ ಮಗುವಿಗೆ. ಕಳ್ಳಗ ಉದ್ದನ್ನ ಹೆಸರಿಟ್ರ ಸಂಭಾವಿತ ಆಗತಾನೇನು? ಬರೀರಿ ನೀವು.”

ಕಸ್ತೂರಿ ಕೆಂಪು ಪೆನ್ನನ್ನು ಅವರ ಮುಂದಿಟ್ಟಳು. “ನೀವ ಬರೀರಿ ಸರ್. ನಿಮ್ಮ ಅಕ್ಷರ ಚಂದ ಅದಾವ.”

ಯಲಗೂರಪ್ಪ ಪೆನ್ನು ನೋಡಿದರು, ಹಾಳೆ ನೋಡಿದರು. ಬಾಯಿಗೆ ಅಷ್ಟು ಸಲೀಸಾಗಿ ಬಂದ ಪದ ಕೈಗೆ ಇಳಿಯಲಿಲ್ಲ. ನಾಳೆ ಯಾರಾದರೂ ವಿಚಾರಣೆಗೆ ಬಂದರೆ ಅಕ್ಷರ ಯಾರದೆಂದು ತಿಳಿದೀತು, ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಇಷ್ಟೇ ಈ ಮನುಷ್ಯನ ಧೈರ್ಯ ಎಂದು ಕಸ್ತೂರಿಗೆ ಹೇಸಿಗೆಯಾಯಿತು. ಕೊನೆಗೆ ಶಿವಲಿಂಗನ ಹಾಳೆಯಲ್ಲೂ ಎಲ್ಲರದರಂತೆ ಮೊದಲೇ ಬರೆದಿಟ್ಟಿದ್ದ ‘ಉತ್ತಮ’ದ ಕೆಳಗೆ ಸಹಿ ಗೀಚಿ ಅವರು ಅದನ್ನು ಮೇಜಿನಾಚೆ ತಳ್ಳಿದರು.

ಹುಲಿಗೆವ್ವ ಅದನ್ನು ಮುಟ್ಟಲಿಲ್ಲ.

“ನನಗ ಓದಾಕ ಬರೂದಿಲ್ರಿ ಯಪ್ಪಾ. ನನ್ನ ಮಗ ಎಂಥಾವ ಅಂತ ಬರದೀರಿ, ಒಂದೀಟ ಓದಿ ಹೇಳ್ರಿ.”

“ಉತ್ತಮ,” ಎಂದರು ಯಲಗೂರಪ್ಪ, ಗಂಟಲಲ್ಲೇ.

“ಜೋರಾಗಿ ಅನ್ರಿ. ಅವ ಗೇಟಿನ ಹೊರಗ ಅದಾನ.”

ಕಸ್ತೂರಿ ಎದ್ದು ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದಳು.