ಬಂಧಗಲ್ಲಿಲ್ಲದ ಗೋಡೆ

ಪ್ಲೇಗು ಬಂದುಹೋದ ಮರುವರ್ಷ, ನಿಜಾಮರ ಸರ್ಕಾರದ ಕಾಲದಲ್ಲಿ, ಖಟಕ ಚಿಂಚೋಳಿಯ ನೆಲ ಒಂದು ಮಧ್ಯಾಹ್ನ ನಡುಗಿತು. ನೂರು ಬಂಡಿಗಳು ಒಮ್ಮೆಲೇ ನೆಲದಡಿ ಓಡಿದಂಥ ಸದ್ದು. ಎತ್ತುಗಳು ಹಗ್ಗ ಹರಿದುಕೊಂಡವು, ಗಡಿಗೆಗಳು ಉರುಳಿದವು. ಹತ್ತು ಸಲ ಉಸಿರೆಳೆಯುವಷ್ಟು ಹೊತ್ತು, ಅಷ್ಟೇ. ಬಡವರ ಗುಡಿಸಲುಗಳು ಅಲ್ಲಾಡಿ ನಿಂತುಕೊಂಡವು. ಕಾಳಿನ ವ್ಯಾಪಾರಿ ಶಿವರಾಜಪ್ಪನ ಹೊಸ ಕಲ್ಲುಮನೆ ಕುಸಿಯಿತು. ಬೀಸುಕಲ್ಲಿನ ಮುಂದೆ ಕೂತಿದ್ದ ಸೊಸೆ ಅನುಸೂಯಾಬಾಯಿ ಮಾಳಿಗೆಯ ಮಣ್ಣಿನಡಿ ಹೂತುಹೋದಳು. ಅಂಗಳದ ಬೇವಿನಡಿ ಮಲಗಿದ್ದ ಅವಳ ಕೂಸು ಉಳಿಯಿತು.

ಮೂರನೆಯ ದಿನ ಶಿವರಾಜಪ್ಪ ಮನೆ ಕಟ್ಟಿದ ಗೌಂಡಿ ಅಮೀರ ಪಾಶಾನನ್ನು ಹಿರಿಯರ ಮುಂದೆ ಕರೆಸಿದ. ಹೆಂಡತಿ ವಜೀರಬೀ ಕರೆಯದೆಯೇ ಹಿಂದೆ ಬಂದಳು. ಆ ಮನೆಯ ಒಂದೊಂದು ಕಲ್ಲನ್ನೂ ತಲೆಯ ಮೇಲೆ ಹೊತ್ತವಳು ಅವಳು.

ಹಿರಿಯರು ಮುಂಬಾಗಿಲ ಕಟ್ಟೆಯ ಮೇಲೆ ಕೂತಿದ್ದರು. ಮನೆಯಲ್ಲಿ ನೆಟ್ಟಗೆ ಉಳಿದದ್ದು ಅದೊಂದೇ. ಸತ್ತವಳ ತಾಯಿ ರುಕ್ಮಿಣಿಬಾಯಿ ಔರಾದದಿಂದ ಬಂದು, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಮೂಲೆಯಲ್ಲಿದ್ದಳು.

"ಕೆಸರು ಕಲಸೋದ್ರಾಗ ಮೋಸ ಮಾಡ್ಯಾನ," ಶಿವರಾಜಪ್ಪ ಬೆರಳು ತೋರಿಸಿ ಕೂಗಿದ. "ನನ್ನ ಸೊಸೀನ್ನ ಕೊಂದಾಂವ ಇವನೇ!"

ಅಮೀರ ಪಾಶಾ ನೆಲ ನೋಡಿದ. "ತಪ್ಪಾತ್ರಿ ಸಾಹುಕಾರ್ರ," ಎಂದ ಮೆಲ್ಲಗೆ.

ವಜೀರಬೀಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಗಂಡನನ್ನು ಸರಿಸಿ, ಅರ್ಧ ಕುಸಿದ ಮೊಂಡುಗೋಡೆಯ ಹತ್ತಿರ ಹೋಗಿ ನಿಂತಳು.

"ಇಲ್ಲಿ ನೋಡ್ರಿ. ಹೊರಗ ಒಂದು ಸಾಲು, ಒಳಗ ಒಂದು ಸಾಲು, ನಡುವ ಬರೇ ಹರಳು, ಮಣ್ಣು. ಎರಡನ್ನೂ ಹಿಡಿದು ನಿಲ್ಲಿಸೋ ಉದ್ದನ ಬಂಧಗಲ್ಲು ಒಂದಾದ್ರೂ ಕಾಣ್ತದೇನ್ರಿ? ನೆಲ ಅಲ್ಲಾಡಿದ ಕೂಡಲೇ ಎರಡು ಸಾಲೂ ಎರಡು ಕಡಿ ಬಿದ್ದವು. ಮ್ಯಾಲಿನ ಮಣ್ಣು ಆ ಹೆಣ್ಣಮಗಳ ಮ್ಯಾಲ ಬಿತ್ತು. ತಂಪಾಗ್ಲಿ ಅಂತ ಆ ಮಣ್ಣು ಎರಡು ಪಟ್ಟು ಹಾಕಿಸಿದವರು ಯಾರ್ರಿ?"

"ಬಂಧಗಲ್ಲು ಯಾಕ ಹಾಕಲಿಲ್ಲ ಮತ್ತ?" ಹಿರಿಯರಲ್ಲೊಬ್ಬ ಕೇಳಿದ.

"ಇಪ್ಪತ್ತು ತಂದಿದ್ದೆವ್ರಿ, ಭಾಲ್ಕಿ ದಾರಿ ಖಣಿಯಿಂದ. ಬೀದರದಾಗ ಯಾರದೋ ಮನೀ ಮುಂದಿನ ಚಂದದ ಕಟ್ಟಿ ನೋಡಿ ಬಂದ ಸಾಹುಕಾರ್ರು, ನನಗೂ ಅಂಥದೇ ಆಗಬೇಕು ಅಂದ್ರು. ನೀವೆಲ್ಲ ಆ ಇಪ್ಪತ್ತು ಕಲ್ಲಿನ ಮ್ಯಾಲೇ ಕೂತೀರಿ!"

ಹಿರಿಯರು ತಟ್ಟನೆ ಎದ್ದರು. "ಹೆಣ್ಣಿನ ಬಾಯಿ ಮುಚ್ಚಸ್ರಿ!" ಎಂದು ಶಿವರಾಜಪ್ಪ ಅರಚುತ್ತಿರುವಾಗಲೇ ವಜೀರಬೀ ಅಲ್ಲೇ ಬಿದ್ದಿದ್ದ ಹಾರೆ ಎತ್ತಿಕೊಂಡು ಕಟ್ಟೆಯ ಸಂದಿಗೆ ಹೆಟ್ಟಿದಳು. ಕರಿಕಲ್ಲು ಮೇಲೆದ್ದಿತು. ಅದನ್ನು ಒಬ್ಬಳೇ ಎಳೆದೊಯ್ದು ಮೊಂಡುಗೋಡೆಯ ಮೇಲೆ ಅಡ್ಡ ಇಟ್ಟಳು. ಈ ಮುಖದಿಂದ ಆ ಮುಖಕ್ಕೆ ಅಳತೆ ಮಾಡಿದಂತೆ ಕೂತಿತು.

ರುಕ್ಮಿಣಿಬಾಯಿ ಕೂಸನ್ನೆತ್ತಿಕೊಂಡು ಬಂದು ಆ ಕಲ್ಲನ್ನು ನೋಡಿದಳು. ಆಮೇಲೆ ಅಮೀರ ಪಾಶಾನ ಕಡೆ ತಿರುಗಿದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ಅಷ್ಟೂರದಾಗ ಬಾದಶಾರ ಗೋರಿ ಗುಂಬಜ ರಿಪೇರಿ ಮಾಡಿದ ಕೈ ಇದು."

"ಹೇಳಿದ್ದಿಯೇನು ಇವರಿಗೆ?"

"ಒಮ್ಮೆ ಹೇಳಿದೆ. ಸಿಟ್ಟಾದರು. ಮತ್ತ ಹೇಳಲಿಲ್ರಿ."

"ಒಮ್ಮೆ!" ಎಂದಳು ರುಕ್ಮಿಣಿಬಾಯಿ. ಬೈಗುಳಕ್ಕಿಂತ ಕೆಟ್ಟದಾಗಿತ್ತು ಆ ಒಂದು ಮಾತು. ಅವಳು ಬಂಡಿಯ ಕಡೆ ನಡೆದಾಗ ಶಿವರಾಜಪ್ಪ ಅಡ್ಡ ನಿಂತ. "ಕೂಸು ನಮ್ಮ ಮನೀದು."

"ಯಾವ ಮನಿ? ತೋರಸ್ರಿ."

ಅವನು ಪಕ್ಕಕ್ಕೆ ಸರಿದ. ಬಂಡಿ ಔರಾದದ ದಾರಿ ಹಿಡಿಯಿತು.

ಹಿರಿಯರು ತೀರ್ಪು ಕೊಡಲಿಲ್ಲ. ಸಾಹುಕಾರನ ಎದುರು ಯಾರು ಕೊಟ್ಟಾರು? ಆದರೆ ಊರಲ್ಲಿ ಅಮೀರ ಪಾಶಾನಿಗೆ ಕೆಲಸ ನಿಂತಿತು. ಗಂಡ ಹೆಂಡತಿ ಬೀದರಕ್ಕೆ ಹೊರಟರು. ದಾರಿಯುದ್ದಕ್ಕೂ ವಜೀರಬೀ ಮಾತಾಡಲಿಲ್ಲ. ಅವಳ ಸಿಟ್ಟಿಗೆ ಈಗ ಸಾಹುಕಾರ ಒಬ್ಬನೇ ಸಾಲುತ್ತಿರಲಿಲ್ಲ. ಪಕ್ಕದಲ್ಲಿ ತಲೆ ತಗ್ಗಿಸಿ ನಡೆಯುವ ಗಂಡನೂ ಬೇಕಾಗಿದ್ದ. ತಾನೂ ಬೇಕಾಗಿದ್ದಳು. ಆ ಕಲ್ಲುಗಳನ್ನು ಗೋಡೆಯ ಹತ್ತಿರದಿಂದ ಕಟ್ಟೆಯ ತನಕ ಹೊತ್ತವಳು ತಾನೇ ಅಲ್ಲವೇ? ಅವತ್ತು ಆಗೋದಿಲ್ಲ ಎಂದು ಒಂದು ಕಲ್ಲನ್ನೂ ಕೆಳಗೆ ಎಸೆದಿರಲಿಲ್ಲ.

ಬೀದರದಲ್ಲಿ ಅಬ್ದುಲ ಅಜೀಜನೆಂಬವನ ಗೋದಾಮಿನ ಕೆಲಸ ಸಿಕ್ಕಿತು. ನಾಲ್ಕನೆಯ ದಿನ ಅವನು ಬಂದು, "ಉದ್ದನ ಕಲ್ಲು ದಂಡ, ಗಿಡ್ಡನವೇ ಸಾಕು," ಎಂದ. ಅಮೀರ ಪಾಶಾ ಕರಣಿ ಕೆಳಗಿಟ್ಟ.

"ಆಗೋದಿಲ್ರಿ. ಜನ ಸಾಯ್ತಾರ."

ಅಂದೇ ಕೆಲಸ ಹೋಯಿತು.

ಬಾಡಿಗೆ ಕೋಣೆಯ ಒಲೆಯ ಮುಂದೆ ವಜೀರಬೀ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವನ ಮುಖ ನೋಡಿ ಮಾತಾಡಿದಳು.

"ಇದೇ ಮಾತು ಅವತ್ತು ಅಂದಿದ್ದರ?"

ಅವನು ಒಲೆಗೆ ಒಂದು ಕಟ್ಟಿಗೆ ತಳ್ಳಿದ. ಅವಳು ರೊಟ್ಟಿಯನ್ನು ಇನ್ನೂ ಜೋರಾಗಿ ತಟ್ಟಿದಳು, ಅದು ಹರಿಯುವ ತನಕ.