ಇಲ್ಲದ ಬಾಳೆಹಣ್ಣು

ಲೋಟವನ್ನು ಮೂಗಿನ ಹತ್ತಿರ ತಂದುಕೊಂಡ ನರ್ಸ್ ಬಾಯಿ ಬಿಡಲಿಲ್ಲ. ಒಮ್ಮೆ ಅಲ್ಲಾಡಿಸಿ ಮತ್ತೆ ಮೂಸಿದಳು. ಆಮೇಲೆ ಲೋಟ ಕೆಳಗಿಟ್ಟು, ಪಕ್ಕದಲ್ಲಿ ಕೂತಿದ್ದ ಕನ್ನಡಕದಂಗಡಿಯವನ ಕಡೆ ತಿರುಗಿದಳು.

"ನಿಮಗೇನನ್ನಿಸ್ತಿದೆ?"

ಅವನಿಗೆ ವಿಚಿತ್ರವೆನಿಸಿತು. ಅಂಕ ಬರೆದು ಮುಗಿಸುವ ತನಕ ತೀರ್ಪುಗಾರರು ಪರಸ್ಪರ ಮಾತಾಡಕೂಡದು ಎಂಬ ನಿಯಮವೇನೋ ಇತ್ತು. ಆದರೆ ಅದನ್ನು ಮೊದಲ ವರ್ಷವೇ ಗಾಳಿಗೆ ತೂರಿದವಳು ಅವಳು. ಲೋಟ ಮೂಗಿನ ಹತ್ತಿರ ಬರುವುದೇ ತಡ, ಏನಾದರೊಂದು ಅಂದುಬಿಡುತ್ತಿದ್ದಳು. ಅವಳು ಅಂದ ಮೇಲೆ ಅವನ ಮೂಗಿಗೂ ಅದು ಸಿಗುತ್ತಿತ್ತು. ಈಗ ಅವಳೇ ಕೇಳುತ್ತಿದ್ದಾಳೆ.

"ಹಸಿ ಸೇಬು," ಎಂದ. "ಹುದುಗೋಕೆ ಇನ್ನೊಂದೆರಡು ವಾರ ಬಿಡಬೇಕಿತ್ತು. ಆತುರಪಟ್ಟಿದ್ದಾರೆ."

"ಹೂಂ, ಸೇಬೇ," ಎಂದು ಅವಳು ಬರೆದಳು.

ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳ ಸ್ಪರ್ಧೆ ವರ್ಷಕ್ಕೆರಡು ಸಲ ಟೇಬಲ್ ಟೆನಿಸ್ ಕ್ಲಬ್ಬಿನ ಹಾಲ್‌ನಲ್ಲಿ ನಡೆಯುತ್ತಿತ್ತು. ನೆಟ್ಟು ಬಿಚ್ಚಿದ ಆಟದ ಮೇಜುಗಳ ಮೇಲೇ ಲೋಟಗಳ ಸಾಲು, ಬಾಯಿ ತೊಳೆದುಕೊಳ್ಳಲು ನೀರಿನ ಜಗ್ಗು, ಒಣ ಬ್ರೆಡ್ಡಿನ ಚೂರುಗಳು, ಪಕ್ಕದಲ್ಲಿ ಉಗುಳಲು ಒಂದು ಪ್ಲಾಸ್ಟಿಕ್ ಬಕೆಟ್. ಬಾಟಲಿಗಳಿಗೆ ಹೆಸರಿಲ್ಲ, ಬರೀ ನಂಬರು. ಮಾಡಿದವರು ಹೊರಗಿನ ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ಶತಪಥ ಹಾಕುತ್ತಿರುತ್ತಿದ್ದರು. "ಥೇಟ್ ನಮ್ಮ ಹೆರಿಗೆ ವಾರ್ಡಿನ ಮುಂದಿನ ಗಂಡಸರು," ಎಂದು ನರ್ಸ್ ಒಮ್ಮೆ ಅಂದದ್ದು ಈಗ ಆ ಹಾಲ್‌ನಲ್ಲಿ ಎಲ್ಲರ ಬಾಯಲ್ಲೂ ಇತ್ತು.

ಅವರಿಬ್ಬರನ್ನು ಒಂದೇ ಮೇಜಿಗೆ ಹಾಕಿದವರು ಮೇಷ್ಟ್ರು. ಲೆಕ್ಕ ಕಲಿಸಿ ನಿವೃತ್ತರಾಗಿ ಈಗ ಈ ಸ್ಪರ್ಧೆಯ ಯಜಮಾನಿಕೆ ವಹಿಸಿಕೊಂಡಿದ್ದ ಅವರು, "ಇವರು ಸಿಸ್ಟರ್. ಇವನು ನಮ್ಮ ಕನ್ನಡಕದವನು. ಇವನಿಗೆ ಕಣ್ಣು, ನಿಮಗೆ ಮೂಗು, ಸರಿಹೋಯ್ತು," ಎಂದು ಪರಿಚಯ ಮಾಡಿಸಿ ಹೊರಟುಹೋಗಿದ್ದರು. ಅಂದಿನಿಂದ ಅವಳು ಎಲ್ಲರಿಗೂ ಸಿಸ್ಟರ್ ಆದಳು. ವಿಧಿಯಿಲ್ಲದೆ ಅವನಿಗೂ.

ಇದು ಅವನ ಅಕ್ಕನಿಗೆ ದೊಡ್ಡ ತಮಾಷೆ. ಮದುವೆಯಿಲ್ಲದೆ ತಲೆ ನರೆತ ತಮ್ಮನಿಗೆ ಅಡುಗೆ ಮಾಡಿಹಾಕುತ್ತ ಬಂದವಳು ಅವಳು. ಅವತ್ತು ಬೆಳಿಗ್ಗೆ ಅವನು ಅದೇ ಅಂಗಿಗೆ ಎರಡನೇ ಸಲ ಇಸ್ತ್ರಿ ಹಾಕುತ್ತಿದ್ದಾಗ ಬಾಗಿಲಿಗೊರಗಿ ನಿಂತು, "ಬಿಯರ್ ಕುಡಿಯೋಕೆ ಹೋಗೋರು ಇಷ್ಟು ಇಸ್ತ್ರಿ ಮಾಡೋದನ್ನ ನಾನಂತೂ ಕಂಡಿಲ್ಲಪ್ಪ," ಎಂದಿದ್ದಳು.

"ಕುಡಿಯೋದಲ್ಲಕ್ಕಾ, ತೀರ್ಪು ಕೊಡೋದು."

"ಕೊಡು, ಕೊಡು. ಊರಿಗೆಲ್ಲ ತೀರ್ಪು ಕೊಡ್ತೀಯ, ನಿಂದೇ ಒಂದು ಇತ್ಯರ್ಥ ಆಗ್ಲಿಲ್ಲ. ಹೀಗೇ ಸಿಸ್ಟರ್ ಸಿಸ್ಟರ್ ಅಂತಿರು, ಕೊನೆಗೆ ನನ್ ಜೊತೆ ಇನ್ನೊಬ್ಬಳು ಅಕ್ಕ ಸಿಗ್ತಾಳೆ ನಿನಗೆ."

ಅವನು ನಕ್ಕು ಇಸ್ತ್ರಿ ಮುಂದುವರಿಸಿದ್ದ. ಹೇಳುವುದಕ್ಕೆ ಇದ್ದದ್ದಾದರೂ ಏನು? ಸಿಸ್ಟರ್ ಇರುವ ಊರು ರೈಲಿನಲ್ಲಿ ಅರ್ಧ ದಿನದ ದಾರಿ. ಗಂಡನನ್ನು ಬಿಟ್ಟು ಬಹಳ ಕಾಲವಾಯಿತೆಂದು ಗೊತ್ತಾದದ್ದೂ ಮೇಷ್ಟ್ರ ಬಾಯಿಂದಲೇ. ಅವಳ ಮನೆಯನ್ನು ಅವನು ನೋಡಿರಲಿಲ್ಲ, ಫೋನ್ ಮಾಡಿರಲಿಲ್ಲ. ಆದರೂ ಅವಳ ಬದುಕಿನಲ್ಲಿ ಅವನಿಗೆ ಗೊತ್ತಿಲ್ಲದ ಮೂಲೆಯಿಲ್ಲ ಎಂದು ಕೆಲವೊಮ್ಮೆ ಅನ್ನಿಸುತ್ತಿತ್ತು. ಏಕೆಂದರೆ ಎಲ್ಲರೂ ಬೆಣ್ಣೆ, ಜೇನು, ಒದ್ದೆ ರಟ್ಟು ಎಂದು ತೀರ್ಪುಗಾರರಿಗೆ ಕೊಟ್ಟ ಪಟ್ಟಿಯಲ್ಲಿದ್ದ ಪದಗಳನ್ನೇ ಹೇಳುವಾಗ ಅವಳು ಮಾತ್ರ, "ನಮ್ಮಜ್ಜಿ ಟ್ರಂಕಿನ ಮುಚ್ಚಳ ತೆಗೆದ ಹಾಗಿದೆ," ಎನ್ನುತ್ತಿದ್ದಳು. "ಮಳೆ ಬಂದಾಗ ನರ್ಸಿಂಗ್ ಹಾಸ್ಟೆಲಿನ ಮೆಟ್ಟಿಲು," ಎನ್ನುತ್ತಿದ್ದಳು. "ರೈಲಿನ ಕಿಟಕಿ ಕಂಬಿ ಹಿಡ್ಕೊಂಡು ನಿದ್ದೆ ಹೋಗಿ ಎದ್ದಮೇಲೆ ಅಂಗೈ ಮೂಸಿ ನೋಡಿ, ಅದು." ಅವನು ಲೋಟಕ್ಕೆ ಮೂಗು ಹಾಕಿದರೆ ಅಜ್ಜಿಯ ಟ್ರಂಕಿನೊಳಗಿನ ಹಳೆಯ ಸೀರೆಗಳು, ಹಾಸ್ಟೆಲಿನ ಮೆಟ್ಟಿಲ ಮೇಲೆ ಚಪ್ಪಲಿ ಕೈಲಿ ಹಿಡಿದು ಓಡುವ ಹುಡುಗಿ, ಎಲ್ಲ ಕಾಣುತ್ತಿತ್ತು. ಅಂಗಡಿಗೆ ಹಿಂತಿರುಗಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ "ಈಗ ಸ್ಪಷ್ಟವಾಯ್ತಾ?" ಎಂದು ಕೇಳುವಾಗಲೂ ಮನಸ್ಸು ಅಲ್ಲೇ ಸುಳಿಯುತ್ತಿತ್ತು. ಒಂದು ಸ್ಪರ್ಧೆಯಿಂದ ಇನ್ನೊಂದರವರೆಗೆ ಅವನು ಅಷ್ಟರಲ್ಲೇ ದಿನ ದೂಡುತ್ತಿದ್ದ.

ಎರಡನೇ ಬಾಟಲಿ ಬಂತು, ಮೂರನೆಯದು ಬಂತು. ಪ್ರತಿ ಸಲವೂ ಅವಳು ಕಾದಳು. ಬಣ್ಣ ಚೆನ್ನಾಗಿದೆ ಎಂದಳು, ನೊರೆ ನಿಲ್ಲುತ್ತಿಲ್ಲ ಎಂದಳು, ಕುಡಿದು ನೋಡಿ ಕಹಿ ಹೆಚ್ಚಾಯಿತೆಂದಳು. ಅದೆಲ್ಲ ಸರಿಯಾಗಿಯೇ ಇತ್ತು. ವಾಸನೆಯ ಮಾತು ಬಂದಾಗ ಮಾತ್ರ ಪೆನ್ನಿನ ತುದಿ ಕಾಗದದ ಮೇಲೆ ಊರಿಕೊಂಡು ಅವನ ಬಾಯಿಯನ್ನೇ ನೋಡಿದಳು. ನನ್ನ ಮೇಲೆ ಏನೋ ಬೇಸರವಿರಬೇಕು ಎಂದುಕೊಂಡ. ಹೋದ ಸಲ ಸ್ಟೇಷನ್ನಿಗೆ ಬಿಡಲು ಹೋಗದೆ ಅಂಗಡಿಯ ನೆಪ ಹೇಳಿದ್ದು ನೆನಪಾಯಿತು. ಆಮೇಲೆ ಬೇರೊಂದು ಅನುಮಾನ ಬಂತು.

ನಾಲ್ಕನೆಯದು ತಿಳಿ ಹೊಂಬಣ್ಣದ್ದು. ಮೂಸಿದರೆ ನೆನೆದು ಒಣಗಿದ ರಟ್ಟಿನ ಡಬ್ಬಿ. ಬಾಟಲಿಗೆ ಗಾಳಿ ಸೇರಿ ಕೆಟ್ಟಿದೆ ಎಂದು ಹೊಸಬರೂ ಹೇಳಬಹುದಿತ್ತು. ಅವನು ತನ್ನ ಹಾಳೆಯಲ್ಲಿ ಹಾಗೆಂದೇ ಬರೆದು ಅಂಗೈಯಿಂದ ಮುಚ್ಚಿದ. ಬಾಯಲ್ಲಿ ಮಾತ್ರ, "ಎಂಥ ಬಾಳೆಹಣ್ಣು ರೀ ಇದು! ಗಮ್ಮಂತಿದೆ," ಎಂದ.

ಅವಳು ಲೋಟವನ್ನು ಮತ್ತೊಮ್ಮೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. "ಹೌದು ಕಣ್ರೀ," ಎಂದು ನಕ್ಕಳು. "ಚೆನ್ನಾಗಿ ಕಳಿತದ್ದು."

ಸುಳ್ಳು ಹೇಳಿದವನು ತಾನು, ಸಿಕ್ಕಿಬಿದ್ದವಳು ಅವಳು. ಅವಳ ಪೆನ್ನು ಕಾಗದದ ಮೇಲೆ ಬಾಳೆಹಣ್ಣು ಎಂದು ಬರೆಯುವುದನ್ನು ನೋಡಲಾಗದೆ ಅವನು ಬ್ರೆಡ್ಡಿನ ಚೂರೊಂದನ್ನು ಬಾಯಿಗೆ ತುರುಕಿಕೊಂಡ. ಅಷ್ಟರಲ್ಲಿ ಮೇಷ್ಟ್ರು ಚಪ್ಪಾಳೆ ತಟ್ಟಿ, "ಎಲ್ಲ ಏಳಿ, ಸ್ವಲ್ಪ ಗಾಳಿ ಕುಡೀರಿ. ನಾಲಿಗೆಗೂ ರಜ ಬೇಕು," ಎಂದರು.

ಹಿಂಬಾಗಿಲಿನ ಮೆಟ್ಟಿಲ ಮೇಲೆ ಖಾಲಿ ಕ್ರೇಟುಗಳನ್ನು ಪೇರಿಸಿಟ್ಟಿದ್ದರು. ಅವಳು ಹೋಗಿ ಅಲ್ಲಿ ಕೂತಳು. ಅವನು ಕೈಲಿ ಎರಡು ಲೋಟ ನೀರು ಹಿಡಿದುಕೊಂಡು ಹಿಂದೆಯೇ ಬಂದ. ಅವಳೇ ಕೇಳಿದಳು.

"ಬಾಳೆಹಣ್ಣು ಇರ್ಲಿಲ್ಲ, ಅಲ್ವಾ?"

ಅವನು ಒಂದು ಲೋಟವನ್ನು ಅವಳ ಕಡೆ ಚಾಚಿದ.

"ಹೂಂ ಅಂದಾದ್ಮೇಲೆ ನಿಮ್ಮ ಮುಖ ನೋಡ್ದೆ. ಬ್ರೆಡ್ ತಿನ್ನೋರು ಯಾರೂ ಹಾಗೆ ತಿನ್ನಲ್ಲ."

"ತಪ್ಪಾಯ್ತು ಸಿಸ್ಟರ್. ಹಾಗೆ ಮಾಡ್ಬಾರ್ದಿತ್ತು ನಾನು."

"ನೀವ್ಯಾಕೆ? ನಾನು ಬರ್ಲೇಬಾರ್ದಿತ್ತು." ಅವಳು ಲೋಟ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. "ಚಳಿಗಾಲದಲ್ಲಿ ಜ್ವರ ಬಂತು. ವಾರ್ಡಲ್ಲಿ ಎಲ್ಲರಿಗೂ ಬಂದಿತ್ತು. ಎಲ್ಲರಿಗೂ ಹೋಯ್ತು. ನಂದು ಹೋಗ್ತಾ ಮೂಗನ್ನೂ ತಗೊಂಡು ಹೋಯ್ತು. ಬಂದ್ರೆ ಬರಬಹುದು, ಇಲ್ಲಾಂದ್ರೆ ಇಲ್ಲ ಅಂತಾರೆ ಡಾಕ್ಟ್ರು."

"ಏನೂ ಗೊತ್ತಾಗಲ್ವಾ?"

"ಕಹಿ, ಹುಳಿ, ಸಿಹಿ ಗೊತ್ತಾಗುತ್ತೆ. ಅದು ನಾಲಿಗೆ ಕೆಲಸ. ಉಳಿದದ್ದೆಲ್ಲ ಗೋಡೆ." ಲೋಟವನ್ನು ಮಡಿಲಲ್ಲೇ ತಿರುಗಿಸಿದಳು. "ಹಾಲು ಉಕ್ಕಿ ಪಾತ್ರೆ ಕರಕಲಾದ್ರೂ ಪಕ್ಕದ ಮನೆಯವರು ಬಂದು ಹೇಳ್ಬೇಕು. ಅದು ಹೋಗ್ಲಿ. ಆಗತಾನೇ ಹುಟ್ಟಿದ ಮಗೂನ ಒರೆಸಿ ತಾಯಿ ಕೈಗೆ ಕೊಡೋ ಮುಂಚೆ ಒಂದ್ಸಲ ನೆತ್ತಿ ಮೂಸ್ತಿದ್ದೆ. ಯಾರಿಗೂ ಗೊತ್ತಿಲ್ಲ ಇದು. ಅಷ್ಟು ವರ್ಷದಿಂದ ಅದೊಂದು ನನ್ನ ಸಂಬಳ ಅಂದ್ಕೊಂಡಿದ್ದೆ. ಈಗಲೂ ಮೂಸ್ತೀನಿ. ಬಟ್ಟೆ ಗೊಂಬೆ ಮೂಸಿದ ಹಾಗೆ. ಮನೆಗೆ ಹೋದ್ರೆ ಯಾರದೋ ಮನೆ ಬೀಗ ತೆಗೆದ ಹಾಗಿರುತ್ತೆ."

ಅವಳ ಪಕ್ಕದಲ್ಲಿ ಕೂರಬೇಕು ಅನ್ನಿಸಿತು ಅವನಿಗೆ. ಒಂದು ಕ್ರೇಟು ಎಳೆದು ಕೂತ. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂತ.

"ಮತ್ತೆ ಇಷ್ಟು ದೂರ ಯಾಕೆ ಬಂದ್ರಿ?"

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. "ಕನ್ನಡಕದಂಗಡಿ ಇಟ್ಕೊಂಡಿದ್ದೀರಿ," ಎಂದಳು. "ಎದುರಿಗಿರೋದು ಕಾಣಲ್ಲ."

ಅವನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಕಾದ ಮಾತು ಇದೇ ಇರಬೇಕು ಎಂದು ತಿಳಿಯುವಷ್ಟರಲ್ಲಿ ಅದು ದಾಟಿಹೋಗಿತ್ತು. ಅವಳು ಆಗಲೇ ಅಂಗಳದ ಕಡೆ ನೋಡುತ್ತಿದ್ದಳು. ಅಲ್ಲೊಬ್ಬ ಗಂಡಸು ಹಾಲ್‌ನ ಕಿಟಕಿಯಲ್ಲಿ ಹಣಕಿ ನೋಡಿ, ಏನೂ ಕಾಣದೆ, ಮತ್ತೆ ನಡೆಯತೊಡಗಿದ್ದ.

"ಒಂದು ಕೆಲಸ ಮಾಡೋಣ," ಎಂದ ಅವನು ಅವಸರದಲ್ಲಿ. "ನಾನು ಹೇಳ್ತಾ ಹೋಗ್ತೀನಿ, ನೀವು ಬರೀತಾ ಹೋಗಿ. ಯಾರಿಗೆ ಗೊತ್ತಾಗುತ್ತೆ? ಇನ್ಮೇಲೆ ಬಾಳೆಹಣ್ಣು ಗೀಳೆಹಣ್ಣು ಏನೂ ಇಲ್ಲ, ಆಣೆ. ಮುಂದಿನ ಸಲವೂ ಹಾಗೇ."

ಅವಳು ಜೋರಾಗಿ ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡಳು. "ಬೇಡ ರೀ. ಅಲ್ಲಿ ಅಡ್ಡಾಡ್ತಿದ್ದಾರಲ್ಲ, ಅವರು ತಿಂಗಳುಗಟ್ಟಲೆ ಬಿಯರ್ ಡ್ರಮ್ಮಿಗೆ ಕಂಬಳಿ ಸುತ್ತಿ ಕಾದಿದ್ದಾರೆ. ಇಬ್ಬರು ನೋಡ್ತಾರೆ ಅಂತ ನಂಬಿ ಕೊಟ್ಟಿದ್ದಾರೆ. ಒಂದೇ ಮೂಗಲ್ಲಿ ಎರಡು ತೀರ್ಪು ಬರೆಯೋದು ಬೇಡ."

"ಹಾಗಾದ್ರೆ ಮುಂದಿನ ಸಲ?"

ಅವಳು ಎದ್ದಳು. ಲೋಟದ ನೀರನ್ನು ಮೆಟ್ಟಿಲ ಪಕ್ಕದ ಗಿಡಕ್ಕೆ ಚೆಲ್ಲಿ ಒಳಗೆ ಹೋದಳು.

ಅವಳು ಮೇಷ್ಟ್ರ ಮುಂದೆ ನಿಂತು ಹೇಳುವುದನ್ನು ಅವನು ಬಾಗಿಲಿಂದಲೇ ನೋಡಿದ. ಮೇಷ್ಟ್ರು ಮೊದಲು ತಮಾಷೆಯೆಂದುಕೊಂಡು ನಕ್ಕರು. ಆಮೇಲೆ ಕನ್ನಡಕ ತೆಗೆದು ಕೈಲಿ ಹಿಡಿದುಕೊಂಡರು. "ಅಯ್ಯೋ ತಾಯಿ," ಎಂದದ್ದು ಮಾತ್ರ ಕೇಳಿಸಿತು. ಅವರು ಆ ಮೇಜಿನ ಹಾಳೆಗಳನ್ನೆಲ್ಲ ಹರಿದು, ಮೊದಲಿನಿಂದ ಮತ್ತೆ ನೋಡಿ ಎಂದು ಬೇಕರಿಯವನೊಬ್ಬನನ್ನು ತಂದು ಅವನ ಪಕ್ಕ ಕೂರಿಸಿದರು. "ನಾನು ಸುಮ್ನೆ ಕೂರಲ್ಲ, ಸುರಿಯೋ ಕೆಲಸವಾದ್ರೂ ಕೊಡಿ," ಎಂದು ಅವಳು ಏಪ್ರನ್ ಕಟ್ಟಿಕೊಂಡು, ಬಾಟಲಿ ತೆರೆದು ಮೇಜಿಂದ ಮೇಜಿಗೆ ಲೋಟ ತುಂಬತೊಡಗಿದಳು. ವಾರ್ಡಿನಲ್ಲಿ ಓಡಾಡಿ ರೂಢಿಯಾದ ಕಾಲು. ಯಾವ ಮೇಜಿಗೂ ಕಾಯಿಸಲಿಲ್ಲ.

ಬೇಕರಿಯವನದು ಮಾತು ಕಡಿಮೆ, ಕೆಲಸ ಚುರುಕು. ಮೂಸುತ್ತಿದ್ದ, ಒಂದು ಗುಟುಕು ಕುಡಿಯುತ್ತಿದ್ದ, ಬರೆಯುತ್ತಿದ್ದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಲ್ಲ ಮುಗಿದು, ಪದಕಕ್ಕೆ ನಿಂತ ಕೊನೆಯ ಬಾಟಲಿಗಳು ಆ ಮೇಜಿಗೆ ಬಂದವು. ಅವಳು ಸುರಿದಳು. ಕಂದು ಬಣ್ಣದ ಬಿಯರು, ಮೇಲೆ ಬೆರಳಗಲ ನೊರೆ. ಸುರಿದು ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಅವನು ಲೋಟಕ್ಕೆ ಮೂಗು ಹಾಕಿದ. ಇಷ್ಟು ವರ್ಷ ಈ ಹೊತ್ತಿನಲ್ಲಿ ಅವಳ ಮಾತಿಗೆ ಕಾದು ಅಭ್ಯಾಸ. ಈಗ ಯಾರೂ ಏನೂ ಹೇಳಲಿಲ್ಲ.

"ಬ್ರೆಡ್ಡು," ಎಂದ ಅವನು, ಬೇಕರಿಯವನಿಗೆ ಹೇಳುವಂತೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಬಿಸಿ ಬ್ರೆಡ್ಡಲ್ಲ. ತಿಂದು ಬಿಟ್ಟ ಬ್ರೆಡ್ಡಿನ ಅಂಚು, ಮಕ್ಕಳು ತಟ್ಟೇಲಿ ಬಿಡ್ತಾರಲ್ಲ, ಅದು. ಅದರ ಹಿಂದೆ... ನಮ್ಮಪ್ಪ ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದಾಗ ಬರ್ತಿತ್ತು ಇದು. ಮರದ ಖಾನೆಗಳು, ಕನ್ನಡಕದ ಡಬ್ಬಿ ಒಳಗಿನ ಮಖಮಲ್ಲು. ಗಾಜು ಉಜ್ಜೋ ಕಲ್ಲಿನ ಮೇಲೆ ನೀರು ಬಿದ್ದಾಗ ತಣ್ಣಗೆ ಒಂದು ವಾಸನೆ ಏಳುತ್ತೆ. ನಾನು ಕೌಂಟರಿನ ಕೆಳಗೆ ಕೂತು ಶಾಲೆ ಪುಸ್ತಕ ಓದ್ತಿದ್ದೆ. ಮೇಲೆ ಅಪ್ಪ ಯಾರಿಗೋ, ಈಗ ಕಾಣುತ್ತಾ, ಈಗ ಕಾಣುತ್ತಾ ಅಂತ ಕೇಳ್ತಿರ್ತಿದ್ದ."

ಬೇಕರಿಯವನು ಬರೆಯುವುದು ಬಿಟ್ಟು ಅವನನ್ನೇ ನೋಡಿದ. "ಇದನ್ನ ಯಾವ ಕಾಲಮ್ಮಲ್ಲಿ ಹಾಕ್ಲಿ ಸ್ವಾಮಿ?"

"ಏನೋ ಕನ್ನಡಕ, ತೀರ್ಪು ಕೊಡ್ತಿದ್ದೀಯೋ, ಪುರಾಣ ಹೇಳ್ತಿದ್ದೀಯೋ?" ಎಂದು ಮೇಷ್ಟ್ರು ಆ ತುದಿಯಿಂದ ಕೂಗಿದರು.

"ಇನ್ನೂ ಇದೆ ಮೇಷ್ಟ್ರೇ," ಎಂದು ಅವನು ಮತ್ತೆ ಮೂಸಿದ. ಸ್ವರ ಸ್ವಲ್ಪ ಎತ್ತರಿಸಿದ. "ಈಗ ನೊರೆ ಇಳೀತು. ಈಗ ಬೇರೆ ಬರ್ತಿದೆ. ಬಿಸಿಲಲ್ಲಿ ಒಣಗಿದ ಬಟ್ಟೆ. ಮಡಚೋಕೆ ಅಂತ ರಾಶಿ ಹಾಕಿಕೊಂಡು, ಅದರಲ್ಲೇ ಮುಖ ಇಟ್ಟು ಮಲಗಿದ ಹಾಗೆ..."

ಪಕ್ಕದ ಮೇಜಿನವರು ಖಾಲಿ ಲೋಟ ಎತ್ತಿ ಹಿಡಿದು, "ಸಿಸ್ಟರ್, ಇಲ್ಲಿ," ಎಂದು ಕರೆದರು. ಮತ್ತೊಮ್ಮೆ ಕರೆದರು. ಅವಳು ಅರ್ಧ ತುಂಬಿದ ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಕಣ್ಣು ಮುಚ್ಚಿ, ನಿಂತಲ್ಲೇ ನಿಂತಿದ್ದಳು.