ಪ್ರೋಟೀನ್ ಹೋಗಾಕತ್ತೈತಿ

ನಾನು ಆಡಿದ್ದು ಎರಡೇ ಮಾತು. ಅದನ್ನೂ ನೆಟ್ಟಗೆ ಆಡಲಿಲ್ಲ.

ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯ ಖಾಸಗಿ ದವಾಖಾನೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವನು ನಾನೊಬ್ಬನೇ. ನನ್ನ ಹೆಸರು ಹಿಡಿದು ಡಾಕಪ್ಪ ಎಲ್ಲಿ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಚ್ಚಿ ನೋಡಾಂವ ಎಲ್ಲಿ ಎಂದರೆ ಎಲ್ಲರೂ ಕೈ ತೋರಿಸುತ್ತಿದ್ದರು. ಹದಿನಾರು ವರ್ಷ ಅದನ್ನೇ ನೋಡಿದ್ದೆ. ಕಿಟಕಿಯಿಂದ ಬಾಟಲಿ ಇಸಿದುಕೊಳ್ಳುವುದು, ಗಾಜಿನ ನಳಿಗೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು, ಚೀಟಿ ಬರೆಯುವುದು. ಸಂಜೆ ಹೊತ್ತಿಗೆ ಕಾಲು ಬಾತು ಚಪ್ಪಲಿ ಬಿಗಿಯಾಗುತ್ತಿದ್ದವು. ಜನರ ಮುಖ ನೋಡುವುದನ್ನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ.

ಆದರೂ ಬ್ಯಾಡಗಿಯ ದೌಲತಬಿ ಪರಿಚಯವಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಎರಡು ವರ್ಷದ ಹಿಂದೆ ವಿಷಮಜ್ವರ ಬಂದು ಎಲುಬು ತೊಗಲು ಆಗಿದ್ದಾಗ ನಮ್ಮ ಡಾಕ್ಟರು ಅವಳಿಗೆ ಪ್ರೋಟೀನ್ ಪುಡಿಯ ಡಬ್ಬಿ ಬರೆದುಕೊಟ್ಟಿದ್ದರು. ಹಾಲಿನಲ್ಲಿ ಎರಡು ಚಮಚ, ಒಂದು ತಿಂಗಳು. ಗೋಡೆ ಹಿಡಿದು ಬಂದವಳು ತಿಂಗಳ ಮೇಲೆ ತಾನೇ ಬಸ್ ಹತ್ತಿ ಬಂದಳು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಡಬ್ಬಿಯ ಮೇಲೆ ಸುಳ್ಳು ಹೇಳಲಾರೆ. ಅವತ್ತಿನಿಂದ ಓಣಿಯಲ್ಲಿ ಯಾರು ಸೊರಗಿದರೂ ಪ್ರೋಟೀನ್ ಕುಡಿ ಎಂದು ಹೇಳುವುದು ಅವಳ ಪಾಲಿನ ಕೆಲಸವಾಯಿತು.

ಆಮೇಲೆ ಅವಳ ಗಂಡ ಮೌಲಾಸಾಬನ ಕಾಲು ಬಾತವು. ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲ, ಸಕ್ಕರೆ ಕಾಯಿಲೆಯವನು. ಡಾಕ್ಟರು ಮೂತ್ರ ಪರೀಕ್ಷೆ ಬರೆದರು. ದೀಪದ ಮೇಲೆ ಹಿಡಿದ ಕೂಡಲೇ ನಳಿಗೆಯ ಮೇಲ್ಭಾಗ ಹಾಲು ಒಡೆದಂತೆ ಬೆಳ್ಳಗಾಯಿತು. ಕಿಟಕಿಯಲ್ಲಿ ದೌಲತಬಿ ನಿಂತಿದ್ದಳು. ಏನು ಬಂತು ಎಂದು ಕೇಳಿದಳು. ಮಧ್ಯಾಹ್ನ ಎರಡಾಗಿತ್ತು, ನನ್ನ ಊಟ ಆಗಿರಲಿಲ್ಲ, ಇನ್ನೂ ಇಪ್ಪತ್ತು ಬಾಟಲಿ ಸಾಲಾಗಿದ್ದವು.

“ಪ್ರೋಟೀನ್ ಹೋಗಾಕತ್ತೈತಿ. ಡಾಕ್ಟರಿಗೆ ತೋರಸ್ರಿ,” ಎಂದೆ. ತಲೆ ಎತ್ತಲಿಲ್ಲ.

ಡಾಕ್ಟರು ಅಷ್ಟರಲ್ಲಿ ರಾಣೆಬೆನ್ನೂರಿಗೆ ಮದುವೆಗೆ ಹೋಗಿಬಿಟ್ಟಿದ್ದರು. ಸೋಮವಾರ ಬರಲು ಕಂಪೌಂಡರ್ ಹೇಳಿ ಕಳಿಸಿದ. ಸೋಮವಾರ ಅವಳು ಬರಲಿಲ್ಲ. ಯಾಕೆ ಬರಬೇಕು? ರೋಗ ಗೊತ್ತಾಗಿತ್ತು, ಔಷಧ ಮೊದಲೇ ಗೊತ್ತಿತ್ತು.

ಮೂರು ತಿಂಗಳ ಮೇಲೆ ಮೌಲಾಸಾಬನನ್ನು ಇಬ್ಬರು ಹಮಾಲರು ಹಿಡಿದುಕೊಂಡು ತಂದರು. ಮುಖ ಬಾತಿತ್ತು, ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ, ನೀರು ಕುಡಿದರೂ ವಾಂತಿ. ರಕ್ತದಲ್ಲಿ ಯೂರಿಯಾ ಮಿತಿ ಮೀರಿ ಏರಿತ್ತು, ಚೀಟಿ ಬರೆದೆ. ಅದನ್ನು ಹಿಡಿದು ಡಾಕ್ಟರ ಕೋಣೆಗೆ ಹೋದಾಗ ಅವರು ಮೌಲಾಸಾಬನ ಊಟದ ಬಗ್ಗೆ ಕೇಳುತ್ತಿದ್ದರು. ದೌಲತಬಿ ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ಅವಳ ಮುಖದಲ್ಲಿ ಭಯವಿದ್ದರೂ ಒಂದು ಹೆಮ್ಮೆಯೂ ಇತ್ತು. ಎರಡು ಹೊತ್ತು, ನಾಲ್ಕು ನಾಲ್ಕು ಚಮಚ, ಮೇಲೆ ಎರಡು ಕೋಳಿ ತತ್ತಿ. ಒಂದು ದಿನವೂ ತಪ್ಪಿಸಿರಲಿಲ್ಲ.

“ಚೀಲ ಸೋರಿದ್ರ ಮತ್ತ ತುಂಬತೇವಲ್ರಿ,” ಎಂದಳು. “ಹೋಗೂದು ಜಾಸ್ತಿ ಇತ್ತು, ಅದಕ್ಕ ಹಾಕೂದೂ ಜಾಸ್ತಿ ಮಾಡಿದೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಿಡ್ನಿ ಅನ್ನುವುದು ಒಂದು ಸೋಸುವ ಸಾಣಿಗೆ, ಸಕ್ಕರೆ ಕಾಯಿಲೆ ಅದನ್ನು ಮೊದಲೇ ಹರಿದಿತ್ತು ಎಂದು ತಿಳಿಸಿ ಹೇಳಿದರು. ಮೇಲಿನಿಂದ ಸುರಿದರೆ ತೂತು ಮುಚ್ಚುವುದಿಲ್ಲ. ಸುರಿದ ಪ್ರೋಟೀನಿನ ಹೊಲಸನ್ನು ಹೊರಗೆ ಹಾಕುವ ಕೆಲಸವೂ ಅದೇ ದಣಿದ ಕಿಡ್ನಿಯ ಮೇಲೆ ಬೀಳುತ್ತದೆ. ನಿನ್ನನ್ನು ಎಬ್ಬಿಸಿದ ಪುಡಿಯೇ ಅವನಿಗೆ ಭಾರವಾಯಿತು ಎಂದರು. ಆಮೇಲೆ ಇದನ್ನು ಕೊಡಲು ಯಾರು ಹೇಳಿದರು ಎಂದು ಕೇಳಿದರು.

“ಯಾರೂ ಹೇಳಿಲ್ರಿ. ನಂದ ಶಾಣ್ಯಾತನ.”

ನಾನು ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ನಾಚಿಕೆಗೇಡಿ ನಾನು, ಅಷ್ಟು ಹೇಳಿದರೆ ಸಾಕು.

ಹುಬ್ಬಳ್ಳಿಗೆ ಒಯ್ಯಲು ಬರೆದುಕೊಟ್ಟರು. ಹಮಾಲರು ಟಾಂಗಾ ತರಲು ಹೋದಾಗ ದೌಲತಬಿ ನನ್ನ ಕಿಟಕಿಯ ಹತ್ತಿರ ಬಂದಳು. ಅವತ್ತು ನಾನು ಅರ್ಧ ಹೇಳಿ ಬಿಟ್ಟೆ, ತಪ್ಪು ನನ್ನದು ಎಂದೆ.

“ಗೊತ್ತೈತ್ರಿ ಅಣ್ಣಾರ,” ಎಂದಳು. “ಹೋಗಾಕತ್ತೈತಿ ಅಂದ್ರ ಏನು ಅಂತ ಕೇಳಬೇಕಂತ ಭಾಳ ಹೊತ್ತು ನಿಂತಿದ್ದೆ. ನಿಮ್ಮ ಮಾರಿ ನೋಡಿ ಸುಮ್ಮನಾದೆ. ಅಷ್ಟು ದಣದಿದ್ರಿ.”

ಅವಳು ಚೀಲದಿಂದ ಆ ಡಬ್ಬಿ ತೆಗೆದು ಕಿಟಕಿಯ ಒಳಗೆ ಸರಿಸಿದಳು. ಅರ್ಧ ಹಾಗೇ ಉಳಿದಿತ್ತು.

“ತಿಪ್ಪಿಗೆ ಒಗ್ಯಾಕ ಮನಸ್ಸಾಗವಲ್ದು. ನಿಮಗ ಸಕ್ಕರಿ ಇಲ್ಲಲ್ಲ? ನೀವರ ಕುಡೀರಿ.”

ಅವಳ ಮಾತಿನಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಆ ದಿನದ ರೈಲು ಗಾಡಿಗೆ ಹೋದರು. ಮೌಲಾಸಾಬ ಹುಬ್ಬಳ್ಳಿಯಿಂದ ತಿರುಗಿ ಬರಲಿಲ್ಲವೆಂದು ಆಮೇಲೆ ಕೇಳಿದೆ.

ಅವತ್ತು ಅವರು ಹೋದ ಮೇಲೆ ಡಬ್ಬಿಯನ್ನು ಅಲ್ಲೇ ಬಿಟ್ಟು ಮುಂದಿನ ಬಾಟಲಿ ತೆಗೆದುಕೊಂಡೆ. ಹಲಗೇರಿಯ ಉಡಚವ್ವನದು. ನಳಿಗೆ ಕಾಯಿತು, ಮೇಲೆ ಬೆಳ್ಳಗಾಯಿತು. ಏನು ಬಂತು ಎಂದು ಅವಳು ಕಿಟಕಿಯಿಂದ ಕೇಳಿದಳು. ಇನ್ನೂ ಹದಿನೈದು ಬಾಟಲಿ ಇದ್ದವು, ನನ್ನ ಕಾಲು ಬಾತಿದ್ದವು, ಊಟ ಆಗಿರಲಿಲ್ಲ. ದೀಪ ಆರಿಸಿ, ಎದ್ದು ಹೋಗಿ ಬಾಗಿಲು ತೆರೆದೆ.

“ಒಳಗ ಬಾರವ್ವ,” ಎಂದೆ. “ಕುಂದರು. ಹೇಳತೇನಿ.”